'ಕೆಂಪೇಗೌಡ' ಅಂತ ಹೊಡೆದ್ರೆ ಏರ್‌ಪೋರ್ಟ್ ಬರ್ತಿದೆ, ಏನ್ಮಾಡ್ಲಿ? (ಗ್ರೂಪ್ ಪ್ರಶ್ನೋತ್ತರ)

ಅಡ್ಮಿನ್: ಬಸ್ಸು, ಮೆಟ್ರೊ ದಾರಿ ತೋರಿಸೋ ಆ್ಯಪ್‌ಗಳಿಗೆ ಸ್ಟಾಪುಗಳ ಪಟ್ಟಿ ತಿದ್ದಿಕೊಡೋದು ನಮ್ಮ ಗ್ರೂಪಿನ ಒಬ್ಬರ ಕೆಲಸ. ಇವತ್ತು ಸಂಜೆ ಅವರು ಬಿಡುವಾಗಿದ್ದಾರೆ. 'ಎಲ್ಲಿಂದ', 'ಎಲ್ಲಿಗೆ' ಅನ್ನೋ ಎರಡು ಖಾನೆಗೆ ಏನು ತುಂಬಬೇಕು, ಅಷ್ಟೇ ಕೇಳಿ. ಟಿಕೆಟ್ ದರ, ರಾಜಕೀಯ ಬೇಡ.

335ಇ ಕಿಟಕಿ ಸೀಟು: ಸಾರ್, ಮೆಜೆಸ್ಟಿಕ್‌ಗೆ ಏನಂತ ಟೈಪ್ ಮಾಡ್ಬೇಕು? 'ಕೆಂಪೇಗೌಡ' ಅಂದೆ, ದೇವನಹಳ್ಳಿ ಕಡೆ ಕರ್ಕೊಂಡು ಹೋಯ್ತು.

ಉತ್ತರ: ಹೋಗದೆ ಇನ್ನೇನು. ಬಿಎಂಟಿಸಿ ನಿಲ್ದಾಣ ಕೆಂಪೇಗೌಡ, ಮೆಟ್ರೊ ನಾಡಪ್ರಭು ಕೆಂಪೇಗೌಡ, ವಿಮಾನ ನಿಲ್ದಾಣವೂ ಕೆಂಪೇಗೌಡ. ಮೇಲೆ ಕೆಂಪೇಗೌಡ ನಗರ, ಕೆಂಪೇಗೌಡ ರಸ್ತೆ ಬೇರೆ. 'ಮೆಜೆಸ್ಟಿಕ್' ಅಂತಲೇ ಹಾಕಿ. ಹಾಕಿದ ತಕ್ಷಣ ಹುಡುಕು ಒತ್ತಬೇಡಿ. ಕೆಳಗೆ ಒಂದು ಪಟ್ಟಿ ಬಿಚ್ಚಿಕೊಳ್ಳುತ್ತೆ, ಪ್ರತಿ ಹೆಸರಿನಡಿ ಸಣ್ಣಕ್ಷರದಲ್ಲಿ ಏರಿಯಾ ಇರುತ್ತೆ. ಅದನ್ನ ಓದಿ ಆರಿಸಿ.

ಪೀಣ್ಯ ಸೆಕೆಂಡ್ ಶಿಫ್ಟ್: ಪೀಣ್ಯ, ಪೀಣ್ಯ ಇಂಡಸ್ಟ್ರಿ ಎರಡೂ ಒಂದೇನಾ ಸಾರ್?

ಉತ್ತರ: ಬೇರೆ ಬೇರೆ ಮೆಟ್ರೊ ಸ್ಟೇಷನ್. ಮ್ಯಾಪಲ್ಲಿ ಫ್ಯಾಕ್ಟರಿ ಗೇಟಿಗೆ ಪಿನ್ (ಜಾಗದ ಗುರುತು) ಇಡಿ, ಯಾವುದು ಹತ್ತಿರ ಅಂತ ಗೊತ್ತಾಗುತ್ತೆ.

ಹಾಸನದ ಮಗಳು: ನಮಸ್ತೆ ಸಾರ್. ಅಪ್ಪಂಗೆ 71. ಸೋಮವಾರ ಜಯದೇವದಲ್ಲಿ ತೋರಿಸಬೇಕು, ಅಮ್ಮ ಜೊತೆಗೆ ಬರ್ತಾರೆ. ನಂಗೆ ರಜೆ ಸಿಕ್ಕಿಲ್ಲ. ಹಾಸನದ ಬಸ್ಸು 6 ಗಂಟೆ ಹೊತ್ತಿಗೆ ಮೆಜೆಸ್ಟಿಕ್ ಸೇರುತ್ತೆ. ನಿನ್ನೆ ರಾತ್ರಿ 11ಕ್ಕೆ ಆ್ಯಪಲ್ಲಿ 'ಜಯದೇವ ಆಸ್ಪತ್ರೆ' ಅಂತ ಹಾಕಿದ್ರೆ ಮೊದಲು ಮೈಸೂರಿನದು ಬಂತು. ಸರಿಮಾಡಿದ ಮೇಲೆ ಮೆಟ್ರೊನೇ ತೋರಿಸ್ಲಿಲ್ಲ, ಎರಡು ಬಸ್ಸು, ಕೊನೆಗೆ 900 ಮೀಟರ್ ನಡಿಗೆ ಅಂತ ಬಂತು. ಅಪ್ಪ ನೂರು ಹೆಜ್ಜೆಗೆ ನಿಂತ್ಕೋತಾರೆ.

ಉತ್ತರ: ಅಮ್ಮಾ, ಆ ದಾರಿಯ ಸ್ಕ್ರೀನ್‌ಶಾಟ್ ಅಪ್ಪ ಅಮ್ಮಂಗೆ ಕಳಿಸಿದ್ದರೆ ಮೊದಲು ಡಿಲೀಟ್ ಮಾಡಿಸಿ. ಅದರಲ್ಲಿ ಮೂರು ತಪ್ಪು ಸೇರಿಕೊಂಡಿವೆ.

ಮೊದಲನೇದು ಊರು. ಜಯದೇವ ಬೆಂಗಳೂರಲ್ಲೂ ಇದೆ, ಮೈಸೂರು, ಕಲಬುರಗಿಯಲ್ಲೂ ಇದೆ. ಫೋನು ಎಲ್ಲಿದೆಯೋ ಅದಕ್ಕೆ ಹತ್ತಿರದ್ದನ್ನ ಆ್ಯಪು ಮೇಲೆ ತರುತ್ತೆ. ನೀವು ಹಾಸನದಲ್ಲಿ ಕೂತಿದ್ದೀರಿ, ಮೈಸೂರು ಬಂತು. ಹೆಸರಿನ ಮುಂದೆ 'ಬನ್ನೇರುಘಟ್ಟ ರಸ್ತೆ' ಸೇರಿಸಿ.

ಎರಡನೇದು ಹೊತ್ತು. ರಾತ್ರಿ 11ಕ್ಕೆ 'ಈಗ ಹೊರಡು' ಅಂತ ಹುಡುಕಿದ್ದಕ್ಕೆ ಆ ಹೊತ್ತಿಗೆ ಇರೋದನ್ನ ಮಾತ್ರ ಕೊಟ್ಟಿದೆ. ಸೋಮವಾರ, ಬೆಳಗ್ಗೆ 6:15 ಅಂತ ಬದಲಾಯಿಸಿ. ವಾರವೂ ಮುಖ್ಯ, ಭಾನುವಾರ ಮೆಟ್ರೊ ತಡವಾಗಿ ಶುರುವಾಗುತ್ತೆ.

ಮೂರನೇದು ನಂಗೆ ಹೆಚ್ಚು ಚಿಂತೆ. ದೊಡ್ಡ ಆಸ್ಪತ್ರೆಗೆ ಪಿನ್ ಸಾಮಾನ್ಯವಾಗಿ ಕಟ್ಟಡದ ನಡುಮಧ್ಯ ಕೂತಿರುತ್ತೆ. ಆ್ಯಪಿಗೆ ಗೇಟು, ಕಾಂಪೌಂಡು ಗೊತ್ತಿಲ್ಲ. ನಡುವಿಂದ ಹತ್ತಿರ ಯಾವ ರಸ್ತೆ ಸಿಗುತ್ತೋ ಅಲ್ಲಿಗೆ ನಡೆಸುತ್ತೆ, ಅದು ಹಿಂದಿನ ಓಣಿ ಆದ್ರೂ ಸರಿ. ಆ 900 ಮೀಟರ್ ಹುಟ್ಟಿದ್ದು ಹಾಗೇ ಇರಬೇಕು. ಹೋದ ಸಲ ಆಟೋದವ ಎಲ್ಲಿ ಇಳಿಸಿದ್ದ ಅಂತ ಅಮ್ಮನ್ನ ಕೇಳಿ. ಮ್ಯಾಪನ್ನ ದೊಡ್ಡದು ಮಾಡಿ, ಆ ಗೇಟಿನ ಮುಂದೆ ರಸ್ತೆ ಮೇಲೆ ಬೆರಳು ಒತ್ತಿ ಹಿಡೀರಿ. ಪಿನ್ ಬೀಳುತ್ತೆ. 'ಎಲ್ಲಿಗೆ' ಖಾನೆಗೆ ಹೆಸರು ಬೇಡ, ಆ ಪಿನ್ ಕೊಡಿ.

ಇನ್ನೊಂದು, ಇದನ್ನ ಯಾವ ಆ್ಯಪೂ ಹೇಳಿರಲ್ಲ. ನೀವು 'ಎಲ್ಲಿಂದ' ಅನ್ನೋದಕ್ಕೆ ಮೆಜೆಸ್ಟಿಕ್ ಕೊಟ್ಟಿರಿ, ಅದು ಅಲ್ಲಿಂದಲೇ ಯೋಚನೆ ಮಾಡ್ತು. ಹಾಸನದ ಬಸ್ಸು ನೆಲಮಂಗಲ ದಾಟಿ ತುಮಕೂರು ರಸ್ತೆಯಲ್ಲೇ ಬರೋದು, ಹಸಿರು ಮಾರ್ಗದ ಮೆಟ್ರೊನೂ ಅದೇ ರಸ್ತೆ ಮೇಲೆ. ಜಾಲಹಳ್ಳಿಯಲ್ಲೋ ಗೊರಗುಂಟೆಪಾಳ್ಯದಲ್ಲೋ ನಿಲ್ಲಿಸ್ತೀರಾ ಅಂತ ಕಂಡಕ್ಟರನ್ನ ಕೇಳಿಸಿ. ಅಲ್ಲೇ ಹತ್ತಿದ್ರೆ ಮೆಜೆಸ್ಟಿಕ್‌ನ ನೂಕುನುಗ್ಗಲು ತಪ್ಪುತ್ತೆ. ರೇಷ್ಮೆ ಸಂಸ್ಥೆ ಕಡೆ ಹೋಗೋ ರೈಲು. ಆರ್.ವಿ. ರೋಡಲ್ಲಿ ಇಳಿದು ಹಳದಿ ಮಾರ್ಗ, ಮೊದಲು ರಾಗಿಗುಡ್ಡ, ಆಮೇಲೆ ಜಯದೇವ. ಲಿಫ್ಟ್ ಎಲ್ಲಿ ಅಂತ ಸ್ಟೇಷನ್ ಸಿಬ್ಬಂದಿಯನ್ನ ಕೇಳಲಿ, ಮೆಟ್ಟಿಲು ಹತ್ತಿಸಬೇಡಿ. ಪಿನ್ ಹಾಕಿ ಇಲ್ಲಿ ಕಳಿಸಿ, ನೋಡ್ತೀನಿ.

ಶುಭೋದಯ ಅಂಕಲ್: ಎಲ್ಲರ ಗಮನಕ್ಕೆ. ಸರಿಯಾದ ಸ್ಟಾಪ್ ಬರಬೇಕಾದರೆ ಏರಿಯಾದ ಪಿನ್‌ಕೋಡ್ ಹಾಕಿ, ಲೊಕೇಶನ್ ಮೂರು ಸಲ ಆಫ್ ಆನ್ ಮಾಡಿ. ಹೊಸ ಬಸ್ ಆ್ಯಪಿನ ಎಪಿಕೆ ಫೈಲ್ ಕೆಳಗಿದೆ. ಹತ್ತು ಜನರಿಗೆ ಕಳಿಸಿ.

ಉತ್ತರ: ಅಡ್ಮಿನ್, ಆ ಫೈಲ್ ಈಗಲೇ ತೆಗೀರಿ. ವಾಟ್ಸಾಪಲ್ಲಿ ಬಂದ ಎಪಿಕೆ, ಅಂದ್ರೆ ಆ್ಯಪ್ ಇನ್‌ಸ್ಟಾಲ್ ಮಾಡೋ ಫೈಲ್, ಯಾರೂ ಹಾಕ್ಕೋಬೇಡಿ. ಇಂಥವು ಮೆಸೇಜ್ ಓದೋ ಅನುಮತಿ ಕೇಳ್ತವೆ, ಕೊಟ್ಟರೆ ಬ್ಯಾಂಕಿನ ಒಟಿಪಿ ಇನ್ನೊಬ್ಬನ ಕೈಗೆ. ಪಿನ್‌ಕೋಡ್ ಅಂಚೆಯವರದು, ಒಂದು ದೊಡ್ಡ ಏರಿಯಾಕ್ಕೆ ಒಂದು ನಂಬರು. ಅದನ್ನ ಹಾಕಿದ್ರೆ ಆ ಏರಿಯಾದ ನಡುವೆ ಎಲ್ಲೋ ಒಂದು ಚುಕ್ಕಿ ಬೀಳುತ್ತೆ, ಕೆರೆ ಮಧ್ಯ ಬಿದ್ದರೂ ಬಿತ್ತು. ಮೂರು ಸಲ ಆಫ್ ಆನ್ ಮಾಡೋಕೆ ಅದೇನು ಗಂಟೆ ಹೊಡೆಯೋದಾ?

ಶುಭೋದಯ ಅಂಕಲ್: ಒಳ್ಳೇದಕ್ಕೇ ಹಾಕಿದ್ದು. ವಯಸ್ಸಾದೋರಿಗೆ ಹೀಗೆ ಮಾತಾಡ್ತಾರಾ?

ಬಸವನಗುಡಿ ಕಾಫಿ: ಮೆಜೆಸ್ಟಿಕ್ ಅಂತ ಹಾಕಿ ಅನ್ನೋದೇ ನಂಗೆ ಸರಿ ಕಾಣಲ್ಲ. ಅದು ಒಂದು ಟಾಕೀಸಿನ ಹೆಸರು. ಊರು ಕಟ್ಟಿದೋರ ಹೆಸರಿಟ್ಟ ಮೇಲೂ ಟಾಕೀಸೇ ಬೇಕಾ?

335ಇ ಕಿಟಕಿ ಸೀಟು: 'ನಾಡಪ್ರಭು, ನಾಡಪ್ರಭು, ಬೇಗ ಹತ್ತಿ' ಅಂತ ಯಾವ ಕಂಡಕ್ಟರ್ ಕೂಗಿದ್ದು ಕೇಳಿದೀರಿ ಸ್ವಾಮಿ?

ಬಸವನಗುಡಿ ಕಾಫಿ: ನಿಮ್ಮಂಥೋರಿಂದಲೇ ಹೆಸರು ನಿಲ್ತಿಲ್ಲ.

335ಇ ಕಿಟಕಿ ಸೀಟು: ನಂಗೆ ಬಸ್ ನಿಂತ್ರೆ ಸಾಕು.

ಇಂಡಿ ಹುಡ್ಗ: ಇದೂ ನೋಡ್ರಿ. ಬೆಂಗಳೂರಿಂದ ವಿಜಯಪುರ ಅಂತ ಹೊಡದ್ರ ಒಂದೂವರಿ ತಾಸು ಅಂತೈತಿ. ವಿಮಾನದಾಗ ಹೋಗ್ತೈತೇನು?

ದೊಡ್ಡಬಳ್ಳಾಪುರ ಪಾಸ್: ಅದು ದೇವನಹಳ್ಳಿ ತಾಲ್ಲೂಕಿನ ವಿಜಯಪುರ, ನಿಮ್ಮದಲ್ಲ. 2014ರಲ್ಲಿ ಬಿಜಾಪುರಕ್ಕೆ ಹೆಸರು ಬದಲಾದಾಗಿಂದ ಇದೇ ಗೋಳು. ಗೋಳಗುಮ್ಮಟ ಅಂತ ಹಾಕಿ ನೋಡಿ.

ಇಂಡಿ ಹುಡ್ಗ: ಬಂತ್ರಿ!

ಮಾರತ್‌ಹಳ್ಳಿ ಪಿಜಿ: ಸಾರ್, ಸ್ಟಾಪ್ ಹೆಸರು ಸರಿಯಾಗೇ ಹಾಕಿದ್ದೆ. ಬಸ್ಸು ಎದುರುಗಡೆ ನಿಂತು ಹೊರಟೇ ಹೋಯ್ತು.

ಉತ್ತರ: ಒಂದೇ ಹೆಸರಿನಲ್ಲಿ ಎರಡು ಸ್ಟಾಪು, ರಸ್ತೆಯ ಆ ಕಡೆ ಒಂದು, ಈ ಕಡೆ ಒಂದು. ಪಟ್ಟಿಯಲ್ಲಿ ಎರಡಕ್ಕೂ ಬೇರೆ ಅಕ್ಷಾಂಶ, ರೇಖಾಂಶ. ಮ್ಯಾಪಲ್ಲಿ ಚುಕ್ಕಿ ಯಾವ ಕಡೆ ಇದೆ ನೋಡಿ. ರಿಂಗ್ ರೋಡಲ್ಲಿ ಈ ತಪ್ಪು ಮಾಡಿದ್ರೆ ಸ್ಕೈವಾಕ್ ಹತ್ತಿ ಇಳಿಯೋದರಲ್ಲೇ ಬಸ್ಸು ಹೋಗುತ್ತೆ.

ಕೋಡ್ ಹಾಕೋ ತಮ್ಮ: ಅಣ್ಣಾ, ಫ್ರೆಂಡ್ ರೂಮಿನ ಲೊಕೇಶನ್ ಅಂತ 77.57, 12.97 ಕಳಿಸಿದ. ಸಮುದ್ರ ಬರ್ತಿದೆ.

ಉತ್ತರ: ತಿರುಗಾ ಮುರುಗಾ ಆಗಿದೆ. ಅಕ್ಷಾಂಶ ಮೊದಲು: 12.97, 77.57. ನೀನೀಗ ನಾರ್ವೆಯ ಸ್ವಾಲ್ಬಾರ್ಡ್ ಹತ್ತಿರ ಇದ್ದೀಯ, ಸ್ವೆಟರ್ ಹಾಕ್ಕೋ.

ಸಿಂಗಸಂದ್ರ ಸ್ವೀಟ್ಸ್: ಹೊಸ ರೋಡ್ ಅಂದ್ರೆ ಹೊಸೂರು ರೋಡ್ ಬರ್ತಿದೆ.

ಉತ್ತರ: ಪಟ್ಟಿ ಓದಿ ಆರಿಸಿ. ಮೇಲೆ ಬರೆದಿದ್ದೀನಿ.

ಕುಡ್ಲದ ಮೀನು: ಮಂಗಳೂರಿನ ಸಿಟಿ ಬಸ್ಸುಗಳಿಗೂ ಹೀಗೇ ಆಗ್ತದಾ?

ಹೊಸ ಸದಸ್ಯ: ಸಾರ್ ಮೆಜೆಸ್ಟಿಕ್‌ಗೆ ಏನಂತ ಟೈಪ್ ಮಾಡ್ಬೇಕು?

ಉತ್ತರ: ಮೇಲೆ ಹೋಗಿ.

ಹೊಸ ಸದಸ್ಯ: ಹೇಳೋಕಾಗಲ್ಲ ಅಂದ್ರೆ ಪ್ರಶ್ನೋತ್ತರ ಯಾಕೆ ಇಡ್ತೀರಾ?

ಬಸವನಗುಡಿ ಕಾಫಿ: ಕೆಂಪೇಗೌಡ ಅಂತ ಟೈಪ್ ಮಾಡಿ.

335ಇ ಕಿಟಕಿ ಸೀಟು: ಹೌದು, ಮಾಡಿ. ಪಾಸ್‌ಪೋರ್ಟ್ ಮರೀಬೇಡಿ.

ಅಡ್ಮಿನ್: ಇಬ್ಬರೂ ಸಾಕು ಮಾಡಿ. ಫೈಲ್ ತೆಗೆದಿದ್ದೀನಿ. ಅಂಕಲ್ ಗ್ರೂಪ್ ಬಿಟ್ಟು ಹೋದ್ರು, ಯಾರಾದ್ರೂ ಫೋನ್ ಮಾಡಿ ಸಮಾಧಾನ ಹೇಳಿ.

ಹಾಸನದ ಮಗಳು: ಸಾರ್, ಪಿನ್ ಹಾಕಿದೀನಿ, ಸ್ಕ್ರೀನ್‌ಶಾಟ್ ನೋಡಿ. ನಡಿಗೆ 900 ಇದ್ದದ್ದು 250ಕ್ಕೆ ಬಂತು. ಇಷ್ಟು ಸರಿನಾ?

ಉತ್ತರ: ಪಿನ್ ಇನ್ನೂ ಕಾಂಪೌಂಡ್ ಒಳಗಿದೆ. ಸ್ವಲ್ಪ ಈಚೆಗೆ, ಫುಟ್‌ಪಾತ್ ಮೇಲೆ ತನ್ನಿ. ಹೊತ್ತು ಇನ್ನೂ 'ಈಗ' ಅಂತಲೇ ಇದೆ, ಅದನ್ನೂ ಬದಲಾಯಿಸಿ. ಆಮೇಲೆ ಅಮ್ಮನಿಗೆ ಸ್ಕ್ರೀನ್‌ಶಾಟ್ ಬೇಡ. ಜಾಲಹಳ್ಳಿ, ಆರ್.ವಿ. ರೋಡ್, ಜಯದೇವ ಅಂತ ಮೂರು ಹೆಸರು ದಪ್ಪಕ್ಷರದಲ್ಲಿ ಚೀಟಿಯಲ್ಲಿ ಬರೆದುಕೊಡಿ.

ಹಾಸನದ ಮಗಳು: ಅಮ್ಮ ಆಗಲೇ ಕ್ಯಾಲೆಂಡರ್ ಹಿಂದೆ ಬರ್ಕೊಂಡಿದ್ದಾರೆ ಸಾರ್. ರಾಗಿಗುಡ್ಡದಲ್ಲಿ ಇಳಿದು ಆಂಜನೇಯನ್ನ ನೋಡ್ಕೊಂಡು ಹೋಗ್ಬಹುದಾ ಅಂತ ಕೇಳ್ತಿದ್ದಾರೆ.

ಉತ್ತರ: ಬರುವಾಗ ನೋಡಲಿ.