ಪದಚರ್ಚೆ: ರಿಯೊದ ‘ಮಿಲಿಷಿಯಾ’ಕ್ಕೆ ಊರಪಡೆ ಎನ್ನಬಹುದೆ?

ಬಳಗದವರಿಗೆ ಮಡಿಕೇರಿಯಿಂದ ನಮಸ್ಕಾರ.

ಬ್ರೆಜಿಲಿನ ರಿಯೊ ಡಿ ಜನೈರೊ ನಗರದ ಬಡವರ ಕೇರಿಗಳ ಬಗೆಗಿನ ಲೇಖನವೊಂದು ಕನ್ನಡಕ್ಕೆ ಬರುತ್ತಿದೆ. ಅದರಲ್ಲಿ ‘ಮಿಲಿಷಿಯಾ’ ಎಂಬ ಪದ ಸಾಲುಸಾಲಿಗೂ ಇದೆ. ನಾಗರಿಕ ಸೇನೆ, ಊರಪಡೆ, ರೌಡಿ ಗುಂಪು ಇವುಗಳಲ್ಲಿ ಯಾವುದನ್ನು ಇಟ್ಟರೂ ಅರ್ಥ ಎಲ್ಲೋ ಸೋರುತ್ತದೆ. ಮಿಲಿಷಿಯಾದವರು ಮನೆ, ಅಂಗಡಿಗಳಿಂದ ಎತ್ತುವ ಹಣಕ್ಕೆ ತೆರಿಗೆ ಎನ್ನಬೇಕೆ, ಹಫ್ತಾ ಎನ್ನಬೇಕೆ, ಮಾಮೂಲು ಎನ್ನಬೇಕೆ? ಆ ಕೇರಿಗಳಿಗೆ ಅಲ್ಲಿನವರು ಹೇಳುವ ‘ಫವೇಲಾ’ಕ್ಕೆ ಕೊಳೆಗೇರಿ ಸಾಕೆ? ತಿಳಿದವರು ದಯವಿಟ್ಟು ಹೇಳಿ.

*

ವಿರಾಜಪೇಟೆಯಿಂದ ಉತ್ತರ:

ಮೇಡಂ, ಊರಪಡೆ ಖಂಡಿತ ಬೇಡ. ನಮ್ಮ ಕೊಡಗಿನಲ್ಲಂತೂ ಅದು ದಾರಿ ತಪ್ಪಿಸುತ್ತದೆ. ವಂಶಪಾರಂಪರ್ಯವಾಗಿ ಬರುವ ಜಮ್ಮಾ ಭೂಮಿಯನ್ನು ಅರಸರು ಕೊಟ್ಟದ್ದೇ ಕರೆ ಬಂದಾಗ ಆಯುಧ ಹಿಡಿದು ದಂಡಿಗೆ ಬರಬೇಕೆಂಬ ಕರಾರಿನ ಮೇಲೆ. ಲೈಸೆನ್ಸ್ ಇಲ್ಲದೆ ಕೋವಿ ಇಟ್ಟುಕೊಳ್ಳಲು ಇಲ್ಲಿರುವ ವಿನಾಯಿತಿಗೆ ಆ ಹಿನ್ನೆಲೆಯೂ ಇದೆ. ಕೇಂದ್ರ ಸರ್ಕಾರ 2019ರಲ್ಲಿ ಅದನ್ನು 2029ರವರೆಗೆ ಮುಂದುವರಿಸಿತು. ಹಾಗಾಗಿ ಊರಪಡೆ ಎಂದ ಕೂಡಲೇ ಇಲ್ಲಿನ ಓದುಗರಿಗೆ ಗೌರವದ ಸಂಗತಿಯೇ ನೆನಪಾಗುತ್ತದೆ. ರಿಯೊದ ಮಿಲಿಷಿಯಾದಲ್ಲಿರುವವರು ಹಾಲಿ ಮತ್ತು ಮಾಜಿ ಪೊಲೀಸರು, ಅಗ್ನಿಶಾಮಕ ದಳದವರು, ಜೈಲು ಕಾವಲುಗಾರರು, ಅವರ ಜೊತೆಗೆ ಸೇರಿಕೊಂಡ ಸ್ಥಳೀಯರು.

ಬರೀ ರೌಡಿ ಗುಂಪು ಎಂದರೆ ಈ ಖಾಕಿಯ ನಂಟೇ ಕಾಣೆಯಾಗುತ್ತದೆ. ಇಡೀ ವ್ಯವಸ್ಥೆ ನಿಂತಿರುವುದು ಆ ನಂಟಿನ ಮೇಲೆ. ದೂರು ಕೊಡಲು ಹೋದರೆ ಠಾಣೆಯೊಳಗೆ ಅವರದೇ ಜನ. ಮಿಲಿಷಿಯಾದವರಿಗೆ ಶಿಕ್ಷೆ ವಿಧಿಸುತ್ತಿದ್ದ ನ್ಯಾಯಾಧೀಶೆ ಪಟ್ರೀಸಿಯಾ ಅಸಿಯೋಲಿಯವರನ್ನು 2011ರ ಆಗಸ್ಟ್‌ನಲ್ಲಿ ಮನೆ ಮುಂದೆಯೇ ಗುಂಡಿಟ್ಟು ಕೊಂದವರು ಪೊಲೀಸರೇ.

ಮಾದಕವಸ್ತು ಗ್ಯಾಂಗುಗಳಿಗೂ ಇವರಿಗೂ ವ್ಯತ್ಯಾಸ ಇರುವುದು ಆದಾಯದಲ್ಲಿ. ಕೊಮಾಂಡೊ ವರ್ಮೆಲ್ಯೊದಂಥ ಗ್ಯಾಂಗಿನ ಮೂಲ ಬಂಡವಾಳ ಮಾದಕವಸ್ತು. ಮಿಲಿಷಿಯಾ ಬದುಕುವುದು ದಿನನಿತ್ಯದ ಸೇವೆಗಳ ಮೇಲೆ. ‘ಕಳ್ಳರನ್ನೂ ಗಾಂಜಾದವರನ್ನೂ ಓಡಿಸುತ್ತೇವೆ’ ಎಂದು ಮೊದಲು ಕಾಲಿಡುತ್ತಾರೆ. ಮನೆ, ಅಂಗಡಿಗೆ ಇಷ್ಟೆಂದು ಕಾವಲು ಹಣ ಗೊತ್ತುಮಾಡುತ್ತಾರೆ. ಆಮೇಲೆ 13 ಕಿಲೋದ ಗ್ಯಾಸ್ ಸಿಲಿಂಡರನ್ನು ಅವರು ಹೇಳಿದ ಅಂಗಡಿಯಲ್ಲೇ, ಪೇಟೆಗಿಂತ ಹೆಚ್ಚು ಬೆಲೆಗೆ ಕೊಳ್ಳಬೇಕು. ಕುಡಿಯುವ ನೀರು, ಕಳ್ಳ ಕೇಬಲ್, ಇಂಟರ್ನೆಟ್ ಎಲ್ಲವೂ ಅವರ ಕೈಯಲ್ಲೇ. ವ್ಯಾನ್ ಓಡಿಸುವವನು ರೂಟಿಗೆ ಕಟ್ಟಬೇಕು. ಮನೆ ಮಾರಿದರೆ ಅದರಲ್ಲೂ ಅವರ ಪಾಲು. ನಿವಾಸಿಗಳ ಸಂಘ ಅವರ ಹಿಡಿತಕ್ಕೆ ಬಂದರೆ ಚುನಾವಣೆಯಲ್ಲಿ ಯಾರು ಪ್ರಚಾರಕ್ಕೆ ಬರಬಹುದು ಎಂಬುದನ್ನೂ ಅವರೇ ತೀರ್ಮಾನಿಸುತ್ತಾರೆ. ಈಗೀಗ ಕೆಲವರು ಗ್ಯಾಂಗುಗಳ ಜೊತೆ ಕೈಜೋಡಿಸಿ ಮಾದಕವಸ್ತುವಿಗೂ ಇಳಿದಿದ್ದಾರೆ. ಅಂಥ ಕಡೆ ಲೇಖನ ಬೇರೆ ಪದ ಬಳಸಿದ್ದರೆ ಅದನ್ನು ಉಳಿಸಿಕೊಳ್ಳಿ.

ಅತಿ ಅಪಾಯದ್ದು ಭೂಮಿ ವ್ಯವಹಾರ. ಸರ್ಕಾರಿ ಜಾಗ, ಕಾಡಂಚು ಒತ್ತಿಕೊಂಡು, ನಕ್ಷೆ, ಪರವಾನಗಿ ಇಲ್ಲದೆ ಮಹಡಿ ಮೇಲೆ ಮಹಡಿ ಎತ್ತಿ ಮಾರುತ್ತಾರೆ. ಪೈಸಾರಿ ಒತ್ತುವರಿ ನೋಡಿದ ನಮ್ಮವರಿಗೆ ಒಡನೆ ತಿಳಿದೀತು, ಆದರೆ ಕೊಡಗಿನ ಹೊರಗೆ ಆ ಪದ ನಡೆಯದು. ‘ಸರ್ಕಾರಿ ಜಾಗದ ಒತ್ತುವರಿ’ ಎಂದೇ ಬರೆಯಿರಿ. ರಿಯೊದ ಮುಝೆಮಾ ಬಡಾವಣೆಯಲ್ಲಿ 2019ರ ಏಪ್ರಿಲ್‌ನಲ್ಲಿ ಭಾರಿ ಮಳೆಯ ಬೆನ್ನಿಗೆ ಕುಸಿದು 24 ಜನರನ್ನು ಬಲಿ ತೆಗೆದುಕೊಂಡ ಎರಡು ಕಟ್ಟಡಗಳು ಇಂಥವೇ. ಆ ಪ್ರದೇಶ ಮಿಲಿಷಿಯಾದ ವಶದಲ್ಲಿತ್ತು. ಕೊಂಡವರ ಬಳಿ ಊರ್ಜಿತವಾದ ಪತ್ರ ಇಲ್ಲದಿದ್ದರೆ ಪರಿಹಾರಕ್ಕೆ ಯಾರ ಬಾಗಿಲು ತಟ್ಟಬೇಕು?

ಹಣದ ಪದಕ್ಕೆ ಬರೋಣ. ನಮ್ಮ ಮಾತಿನಲ್ಲಿ ಮಾಮೂಲು ಹೋಗುವುದು ಅಧಿಕಾರಸ್ಥನ ಜೇಬಿಗೆ, ಹಫ್ತಾ ಹೋಗುವುದು ರೌಡಿಗೆ. ಅಲ್ಲಿ ಇಬ್ಬರೂ ಒಬ್ಬನೇ ಆಗಿರಬಹುದು. ಆದರೂ ಕಾವಲು ಹಣಕ್ಕೆ ಹಫ್ತಾ ಇಡಿ, ಅದರಲ್ಲಿ ಬೆದರಿಕೆ ಕೇಳಿಸುತ್ತದೆ. ಗ್ಯಾಸಿನ ಮೇಲಿನ ಹೆಚ್ಚುವರಿ ಹಣ ಹಫ್ತಾ ಅಲ್ಲ, ಬೇರೆ ಅಂಗಡಿ ತೆರೆಯಗೊಡದೆ ಎತ್ತಿದ ಲಾಭ. ಎರಡನ್ನೂ ಬೆರೆಸಬೇಡಿ. ತೆರಿಗೆ ಎಂಬುದನ್ನು ಮಾತ್ರ ಎಲ್ಲೂ ಬಳಸಬೇಡಿ. ಅದು ಸುಲಿಗೆಗೆ ಸರ್ಕಾರದ ಮುದ್ರೆ ಒತ್ತಿದಂತೆ.

ಫವೇಲಾಕ್ಕೆ ಕೊಳೆಗೇರಿ ಸಾಲದು. ಮಿಲಿಷಿಯಾ ಬೇರೂರಿದ ರಿಯೊ ದಾಸ್ ಪೆದ್ರಾಸ್‌ನಲ್ಲಿ ಬಹುಮಹಡಿ ಮನೆಗಳೂ ಸಾಲು ಅಂಗಡಿಗಳೂ ಇವೆ. ಸರ್ಕಾರವೇ ಕಟ್ಟಿಕೊಟ್ಟ ವಸತಿ ಸಮುಚ್ಚಯಗಳಿಗೂ ಇವರ ಹಿಡಿತ ಚಾಚಿದೆ. ‘ಫವೇಲಾ’ ಹಾಗೇ ಇರಲಿ, ಉಳಿದೆಡೆ ‘ಬಡವರ ಬಡಾವಣೆ’ ಎನ್ನಿ.

ಮಿಲಿಷಿಯಾಕ್ಕೆ ಸಲಹೆ: ಮೊದಲ ಸಲ ‘ಮಿಲಿಷಿಯಾ, ಅಂದರೆ ಹಾಲಿ-ಮಾಜಿ ಪೊಲೀಸರು ಸೇರಿ ಕಟ್ಟಿದ ವಸೂಲಿ ಪಡೆ’ ಎಂದು ಬಿಡಿಸಿ ಹೇಳಿ, ಮುಂದೆ ‘ವಸೂಲಿ ಪಡೆ’ ಎಂದಷ್ಟೇ ಬಳಸಿ. ಬ್ರೆಜಿಲಿನ 2012ರ ಕಾಯ್ದೆಯ ಮಾತು ಬಂದಲ್ಲಿ ಮಾತ್ರ ‘ಖಾಸಗಿ ಮಿಲಿಷಿಯಾ’ ಎಂದೇ ಇರಬೇಕು. ಅದನ್ನು ಕಟ್ಟುವುದನ್ನೇ 4ರಿಂದ 8 ವರ್ಷ ಸೆರೆವಾಸದ ಅಪರಾಧವಾಗಿ ಮಾಡಿದ ಕಾನೂನಿನಲ್ಲಿರುವ ಪದ ಅದು. ಒಬ್ಬ ಸದಸ್ಯನಿಗೆ ‘ಪಡೆಯವನು’ ಸಾಕು. ಯೋಧ, ಸೈನಿಕ ಎರಡೂ ಬೇಡ.