ಎರಡು ವಿಮಾನ ಕಂಪನಿ ಒಂದಾಗೂ ಮುಂದ ಪೈಲಟ್ ಸಂಘದ ಮಾತು ಎಲ್ಲೀ ತನಕ ನಡೀತೈತಿ?

ಗದಗ ರೋಡ್ ಲೋಕೋ, ಹುಬ್ಬಳ್ಳಿ

ನಾ ರೈಲ್ವೆದಾಗ ಲೋಕೋ ಪೈಲಟ್ ಆಗಿ ರಿಟೈರ್ ಆದಾಂವ. ನಮ್ಮಕ್ಕನ ಮಗಳು ವಿಮಾನದ ಪೈಲಟ್, ಏರ್‌ಬಸ್ ಎ320 ಮ್ಯಾಲೆ ಫಸ್ಟ್ ಆಫೀಸರ್, ಅಂದ್ರ ಕೋ-ಪೈಲಟ್. ಆಕಿ ಕಂಪನಿ ಇನ್ನೊಂದು ಕಂಪನಿಯೊಳಗ ವಿಲೀನ ಆಗಾಕತ್ತೈತಿ. ಹೆಸರು ಬ್ಯಾಡ. ಮೊನ್ನೆ ಎಲ್ಲಾರಿಗೂ ಹೊಸ ಕಾಂಟ್ರ್ಯಾಕ್ಟ್ ಮೇಲ್ ಬಂದೈತಿ, ಅದರಾಗ ಗ್ಯಾರಂಟಿ ತಾಸು ಇಳಿಸ್ಯಾರ. ಹಾರಿದ್ರೂ ಹಾರದಿದ್ರೂ ಪಗಾರ ಕೊಡೂ ತಾಸು ಅವು. ಹೆಚ್ಚು ಹಾರಿದ್ರ ಹೆಚ್ಚು ರೊಕ್ಕ ಅಂತ ಬರದಾರ, ಆದ್ರ ರೋಸ್ಟರ್ (ಡ್ಯೂಟಿ ಪಟ್ಟಿ) ಹಾಕಾವ್ರೂ ಅವರ ಅಲ್ಲೇನು? ನಮಗೂ ಮೈಲೇಜ್ ಇತ್ತು, ಗಾಡಿ ಓಡಿಸಿದಷ್ಟು ರೊಕ್ಕ. ಆದ್ರ ಬೇಸಿಕ್‌ಗೆ ಯಾರೂ ಕೈ ಹಚ್ಚತಿದ್ದಿಲ್ಲ.

ಒಂದಾದ ಮ್ಯಾಲೆ ಸೀನಿಯಾರಿಟಿ ಪಟ್ಟಿ ಹೆಂಗ ಮಾಡತಾರ ಅನ್ನೂದು ಆ ಮೇಲ್‌ದಾಗ ಒಂದಕ್ಷರ ಇಲ್ಲ. ಎಚ್‌ಆರ್‌ಗೆ ಕೇಳಿದ್ರ "ಮುಂದ ತಿಳಸ್ತೀವಿ" ಅಂತಾರಂತ. ವಾಟ್ಸಾಪ್ ಗ್ರೂಪಿನ್ಯಾಗ ಹುಡುಗರು ಎಲ್ಲಾರೂ ಒಂದ ದಿನ ಸಿಕ್ ರಜಾ ಹೊಡಿಯೂಣು ಅನ್ನಾಕತ್ತಾರ. 2003ರಾಗ ನೈರುತ್ಯ ರೈಲ್ವೆ ಆದಾಗ ಸಿಕಂದರಾಬಾದ್ ಕಡೆಯವರು, ಚೆನ್ನೈ ಕಡೆಯವರು ಒಂದ ಪಟ್ಟಿಗೆ ಬಂದ್ರ ಏನಾಗತೈತಿ ಅಂತ ನೋಡೀನಿ. ವಿಮಾನದ ಕಥಿ ಬ್ಯಾರೆ ಇರಬೇಕು. ಇಂಥಾ ಹೊತ್ತಿನ್ಯಾಗ ಸಂಘದ ಕೈ ಮ್ಯಾಲಿರತೈತೋ ಕೆಳಗೋ? ಗೊತ್ತಿದ್ದವರು ಹೇಳ್ರಿ.

ನವನಗರ ರೋಸ್ಟರ್

ಕಾಕಾ, ನಾನು ಬೆಂಗಳೂರಿನಲ್ಲಿ ಕ್ರೂ ಶೆಡ್ಯೂಲಿಂಗ್ ಮಾಡುತ್ತಿದ್ದವನು. ನಿಮ್ಮ ಸೊಸಿಗೆ ಬಂದಂಥ ಮೇಲ್‌ಗಳು ಹುಟ್ಟುವ ಕಡೆ ಕೂತಿದ್ದೆ ಅನ್ನಿ. ಸಂಘದ ಕೈ ಮೇಲೇ ಇರುತ್ತದೆ, ಆದರೆ ಅದಕ್ಕೊಂದು ಗಡುವು ಇದೆ.

ವಿಲೀನದಿಂದ ಉಳಿತಾಯ ಆಗುತ್ತದೆ ಎಂದು ಕಂಪನಿ ಷೇರುದಾರರಿಗೆ ಹೇಳಿರುತ್ತದಲ್ಲ, ಅದರ ದೊಡ್ಡ ಪಾಲು ಬರುವುದು ಈ ಕಡೆಯ ಪೈಲಟ್‌ನನ್ನು ಆ ಕಡೆಯ ವಿಮಾನಕ್ಕೆ ಹಾಕಿದಾಗ. ಅದಕ್ಕೆ ಒಂದೇ ಒಪ್ಪಂದ, ಒಂದೇ ಸೀನಿಯಾರಿಟಿ ಪಟ್ಟಿ ಬೇಕು. ಅಲ್ಲಿಯವರೆಗೆ ಎರಡು ರೋಸ್ಟರ್, ಎರಡು ಸ್ಟ್ಯಾಂಡ್‌ಬೈ ಸಾಲು, ಎರಡು ಕಡೆಯ ಖರ್ಚು. ತಡವಾದ ಪ್ರತಿ ತಿಂಗಳೂ ಕಂಪನಿಯ ಲುಕ್ಸಾನು. ಸಂಘದ ಬಂಡವಾಳ ಇದೇ. ಒಬ್ಬೊಬ್ಬರೇ ಸಹಿ ಹಾಕಿ ಮುಗಿಸಿದರೆ ಆ ಬಂಡವಾಳ ಕರಗಿತು. ಮೇಲ್ ಸಂಘಕ್ಕೆ ಹೋಗದೆ ನೇರ ನಿಮ್ಮ ಸೊಸಿಗೆ ಯಾಕೆ ಬಂತು, ಈಗ ಹೊಳೆಯಿತಲ್ಲ?

ಇದನ್ನು ಚೆನ್ನಾಗಿ ಆಡಿದವರು ಅಮೆರಿಕದವರು. 2011ರ ನವೆಂಬರ್‌ನಲ್ಲಿ ಅಮೆರಿಕನ್ ಏರ್‌ಲೈನ್ಸ್ ದಿವಾಳಿ ಅರ್ಜಿ ಹಾಕಿತು. ಆಡಳಿತ ಮಂಡಳಿ ಪೈಲಟ್‌ಗಳ ಒಪ್ಪಂದ ಕತ್ತರಿಸಲು ಹೊರಟಾಗ ಪೈಲಟ್ ಸಂಘ, ಉಳಿದ ಎರಡು ಸಂಘಗಳ ಜೊತೆ ಸೇರಿ, 2012ರ ಏಪ್ರಿಲ್‌ನಲ್ಲಿ ಪ್ರತಿಸ್ಪರ್ಧಿ ಯುಎಸ್ ಏರ್‌ವೇಸ್ ಜೊತೆಗೇ ಷರತ್ತಿನ ಒಪ್ಪಂದ ಮಾಡಿಕೊಂಡಿತು. ನೀವು ನಮ್ಮ ಕಂಪನಿ ತಗೊಳ್ಳಿ, ನಮ್ಮ ಪಗಾರ ಹೀಗಿರಲಿ ಅಂತ! ತನ್ನ ಮಾಲಕನನ್ನು ತಾನೇ ಹುಡುಕಿಕೊಂಡ ಸಂಘ. 2013ರ ಡಿಸೆಂಬರ್‌ನಲ್ಲಿ ಎರಡೂ ಒಂದಾದವು. ಅದಕ್ಕೂ ಮೊದಲು, 2008ರಲ್ಲಿ, ಡೆಲ್ಟಾ ಮತ್ತು ನಾರ್ತ್‌ವೆಸ್ಟ್ ಪೈಲಟ್‌ಗಳು ವಿಲೀನ ಮುಗಿಯುವ ಮುಂಚೆಯೇ ಜಂಟಿ ಒಪ್ಪಂದ ಮಾಡಿಕೊಂಡು ಕಂಪನಿಯ ಷೇರನ್ನೂ ಪಡೆದರು. ಸೀನಿಯಾರಿಟಿ ಜಗಳವನ್ನು ಮಧ್ಯಸ್ಥಗಾರರಿಗೆ ಒಪ್ಪಿಸಿದರು.

ನಿಮಗೆ ಖುಷಿ ಆಗುವ ಒಂದು ವಿಷಯ: ಅಲ್ಲಿ ಪೈಲಟ್‌ಗಳಿಗೆ ಅನ್ವಯಿಸುವುದು 1926ರ ರೈಲ್ವೆ ಕಾರ್ಮಿಕ ಕಾಯ್ದೆ. 1936ರಲ್ಲಿ ವಿಮಾನದವರನ್ನೂ ಅದರೊಳಗೆ ತಂದರು. ಅವಧಿ ಮುಗಿದರೂ ಹಳೆಯ ಒಪ್ಪಂದ ಜೀವಂತ ಇರುತ್ತದೆ, ಮಾತುಕತೆ ಮುಗಿಯುವ ತನಕ ಕಂಪನಿ ಅದನ್ನು ಮುಟ್ಟುವಂತಿಲ್ಲ. ಸಂಘವೂ ಸರ್ಕಾರದ ಮಧ್ಯಸ್ಥಿಕೆ ಮಂಡಳಿ ಬಿಡುಗಡೆ ಕೊಡದೆ ಮುಷ್ಕರ ಹೂಡುವಂತಿಲ್ಲ.

ಕೆಟ್ಟದಾಗಿ ಆಡಿದ್ದೂ ಅಲ್ಲಿಯೇ ಇದೆ. 2005ರಲ್ಲಿ ಅಮೆರಿಕ ವೆಸ್ಟ್, ಯುಎಸ್ ಏರ್‌ವೇಸ್ ಒಂದಾದವು. ಯುಎಸ್ ಏರ್‌ವೇಸ್ ಕಡೆ ಸರ್ವಿಸ್ ವರ್ಷ ಹೆಚ್ಚು, ಆದರೆ ಲೇಆಫ್ ಆಗಿ ಮನೆಯಲ್ಲಿ ಕೂತವರು ಬಹಳ. ಇನ್ನೊಂದು ಕಡೆ ಚಿಕ್ಕ ವಯಸ್ಸಿನವರು, ಆದರೆ ಎಲ್ಲರೂ ಕೆಲಸದಲ್ಲಿದ್ದರು. 2007ರಲ್ಲಿ ಮಧ್ಯಸ್ಥಗಾರ ಕೊಟ್ಟ ಪಟ್ಟಿಯನ್ನು ಸಂಖ್ಯೆಯಲ್ಲಿ ದೊಡ್ಡದಿದ್ದ ಯುಎಸ್ ಏರ್‌ವೇಸ್ ಗುಂಪು ಒಪ್ಪಲಿಲ್ಲ, ಹಳೆಯ ಸಂಘವನ್ನೇ ವೋಟು ಹಾಕಿ ಹೊರಗೆ ಕಳಿಸಿ ಬೇರೆ ಸಂಘ ಕಟ್ಟಿತು. ಮುಂದೆ ಅಮೆರಿಕನ್ ಜೊತೆ ಸೇರುವ ತನಕ ಎರಡೂ ಗುಂಪು ಹಳೆಯ ಪಗಾರದ ಮೇಲೆಯೇ ಹಾರಿದವು. ಕಂಪನಿ ಆರಾಮ ಕೂತಿತ್ತು.

ನಮ್ಮಲ್ಲಿ? ಏರ್ ಇಂಡಿಯಾ, ಇಂಡಿಯನ್ ಏರ್‌ಲೈನ್ಸ್ 2007ರಲ್ಲಿ ಒಂದಾದವು, ಸಂಘಗಳು ಎರಡೇ ಉಳಿದವು. ಹೊಸ ಬೋಯಿಂಗ್ 787 ತರಬೇತಿಗೆ ಹಳೇ ಇಂಡಿಯನ್ ಏರ್‌ಲೈನ್ಸ್‌ನವರನ್ನೂ ಕಳಿಸಬಾರದು ಎಂದು 2012ರಲ್ಲಿ ಹಳೇ ಏರ್ ಇಂಡಿಯಾ ಕಡೆಯ ಪೈಲಟ್‌ಗಳು 58 ದಿನ ಮುಷ್ಕರ ಹೂಡಿದರು. ಸಂಘದ ಮಾನ್ಯತೆ ಹೋಯಿತು, ನೂರರಷ್ಟು ಜನರನ್ನು ವಜಾ ಮಾಡಿದರು, ಕಡೆಗೆ ದಿಲ್ಲಿ ಹೈಕೋರ್ಟ್ ಮುಂದೆ ಕೈಚೆಲ್ಲಿದರು.

ಹಾವೇರಿ ಪ್ರಯಾಣಿಕ

ಲಕ್ಷಗಟ್ಟಲೆ ಪಗಾರದವರ ಜಗಳದಾಗ ಹುಬ್ಬಳ್ಳಿ ಏರ್‌ಪೋರ್ಟಿನ್ಯಾಗ ಕುಂತು ಒಣಗಾವ್ರು ನಾವು. ಅದನ್ನೂ ಒಂದೀಟು ಬರೀರಿ.

ಮಾಳಮಡ್ಡಿ ಬ್ಯಾಂಕ್, ಧಾರವಾಡ

ಹಾವೇರಿಯವರ ಸಿಟ್ಟು ಸುಳ್ಳಲ್ಲ. ಆದ್ರ ನಿಮ್ಮ ಸಿಟ್ಟೇ ಸಂಘದ ಕೈಯಾಗಿನ ಬಲ ಅಂತ ಕಂಪನಿಗೂ ಗೊತ್ತದ.

ಲೋಕೋ ಸರ್, ನಾ ಗ್ರಾಮೀಣ ಬ್ಯಾಂಕಿನೊಳಗ ನೌಕರರ ಸಂಘದ ಕೆಲಸ ಮಾಡಿದವ. ನಮ್ಮ ಮಲಪ್ರಭಾ ಬ್ಯಾಂಕು 2005ರಾಗ ಕರ್ನಾಟಕ ವಿಕಾಸದಾಗ ಸೇರ್ತು, 2025ರ ಮೇ 1ಕ್ಕ ಅದೂ ಹೋಗಿ ಬಳ್ಳಾರಿ ಮುಖ್ಯ ಕಚೇರಿಯ ಒಂದೇ ಬ್ಯಾಂಕ್ ಆತು. ಧಾರವಾಡದವರಿಗೆ ಹೆಡ್ ಆಫೀಸ್ ಹೋದದ್ದು ಇನ್ನೂ ನುಂಗಲಿಕ್ಕೆ ಆಗ್ತಿಲ್ಲ, ಅದಿರ್ಲಿ. ನಮಗ ಜಗಳ ಇದ್ದದ್ದು ಸೀನಿಯಾರಿಟಿ ಮತ್ತ ವರ್ಗಾವಣೆಗೆ. ಪಗಾರಕ್ಕ ಅಲ್ಲ. ಪಗಾರ ಇಡೀ ದೇಶಕ್ಕ ಒಂದೇ ಒಪ್ಪಂದದಾಗ ಬರ್ತದ. ಪೈಲಟ್‌ಗಳಿಗೆ ಅಂಥಾ ದೇಶದ ಒಪ್ಪಂದ ಇಲ್ಲ, ಕಂಪನಿಗೊಂದು ಲೆಕ್ಕ. ಹಿಂಗಾಗಿ ವಿಲೀನದ ನೆಪದಾಗ ಪಗಾರಕ್ಕೇ ಕೈ ಹಾಕ್ತಾರ.

ಸಿಕ್ ಹೊಡಿಯೋದರ ಬಗ್ಗೆ. 2024ರ ಏಪ್ರಿಲ್‌ದಾಗ ವಿಸ್ತಾರಾ ಪೈಲಟ್‌ಗಳು ಅದನ್ನೇ ಮಾಡಿದ್ರು. ಗ್ಯಾರಂಟಿ 70 ತಾಸಿದ್ದದ್ದು 40ಕ್ಕ ಇಳಿಸಿದ್ರು ಅಂತ. ಕಂಪನಿ ದಿನಾ 25–30 ವಿಮಾನ ಕಡಿಮಿ ಮಾಡಬೇಕಾತು, ಸರ್ಕಾರ ದಿನದ ವರದಿ ಕೇಳ್ತು. ಸಿಕ್ಕದ್ದೇನು? ರೋಸ್ಟರ್ ಸಡಿಲ ಮಾಡ್ತೀವಿ ಅಂದ್ರು. ಬಹುತೇಕರು ಸಹಿ ಹಾಕಿದ್ರು, ನವೆಂಬರ್ 12ಕ್ಕ ಏರ್ ಇಂಡಿಯಾ ಜೋಡಿ ವಿಲೀನಾನೂ ಮುಗೀತು. ವಿಸ್ತಾರಾದವರು ಸಿಕ್ ಹಾಕಿದ ಮರುತಿಂಗಳು, 2024ರ ಮೇದಾಗ, ಏರ್ ಇಂಡಿಯಾ ಎಕ್ಸ್‌ಪ್ರೆಸ್ ಕ್ಯಾಬಿನ್ ಕ್ರೂ ಸಿಕ್ ಹಾಕಿದ್ರು. 25 ಮಂದಿಗೆ ವಜಾ ಪತ್ರ ಬಂತು. ದಿಲ್ಲ್ಯಾಗ ಕಾರ್ಮಿಕ ಆಯುಕ್ತರ ಮುಂದ ಸಂಘ ಕೂತ ಮ್ಯಾಲೆ ಆ ಪತ್ರ ವಾಪಸ್ ಆದ್ವು. ನನ್ನ ದೃಷ್ಟಿಯೊಳಗ ಅವರನ್ನ ಉಳಿಸಿದ್ದು ಸಂಘ ಮತ್ತ ಆ ಮೇಜು. ವಾಟ್ಸಾಪ್ ಗ್ರೂಪ್‌ನ್ನ ಆಯುಕ್ತರು ಮಾತುಕತೆಗೆ ಕರಿಯಂಗಿಲ್ಲ.

ಈಗ ಕಾಯ್ದೆನೂ ಬದಲಾಗ್ಯದ. 2025ರ ನವೆಂಬರ್ 21ರಿಂದ ಕೈಗಾರಿಕಾ ಸಂಬಂಧಗಳ ಸಂಹಿತೆ ಜಾರಿಯೊಳಗದ. ಅರ್ಧದಷ್ಟು ಅಥವಾ ಹೆಚ್ಚು ಮಂದಿ ಮಾತಾಡಿಕೊಂಡು ಒಂದೇ ದಿನ ಕ್ಯಾಶುವಲ್ ರಜೆ ಹಾಕಿದ್ರ ಅದು ಮುಷ್ಕರ. ಮುಷ್ಕರಕ್ಕ ಕನಿಷ್ಠ 14 ದಿನದ ನೋಟಿಸ್ ಬೇಕು. ಸಿಕ್ ಅಂದ್ರ ಕ್ಯಾಶುವಲ್ ಅಲ್ಲ ಅಂತ ವಕೀಲರು ವಾದ ಮಾಡಬಹುದು, ಆದ್ರ ಆ ವಾದಕ್ಕ ನಿಮ್ಮ ಸೊಸಿ ಕೆಲಸ ಪಣಕ್ಕ ಇಡಬ್ಯಾಡ್ರಿ.

ಗದಗ ರೋಡ್ ಲೋಕೋ

ಇಬ್ಬರಿಗೂ ಉಪಕಾರ. ಸೊಸಿಗೆ ಫೋನ್‌ನ್ಯಾಗ ಓದಿ ಹೇಳಿದೆ. ಆ ಕಡೆ ಕಂಪನಿ ಪೈಲಟ್‌ಗಳ ಜೋಡಿ ಇವರು ಯಾರೂ ಈವರೆಗೂ ಮಾತ ಆಡಿಲ್ಲಂತ! "ಅವರು ನಮ್ಮ ಕಮಾಂಡ್, ಕ್ಯಾಪ್ಟನ್ ಸೀಟು, ಕಸಗೊಳ್ಳಾಕ ಬಂದಾವ್ರು" ಅಂತಾಳ. ಆಕಿ ರಾಜೀನಾಮೆ ಕೊಟ್ಟು ಬ್ಯಾರೆ ಕಡೆ ಹೋದ್ರ?

ನವನಗರ ರೋಸ್ಟರ್

ಹೋಗಬಹುದು, ಆದರೆ ತಕ್ಷಣ ಅಲ್ಲ. ವಿಮಾನಯಾನದ ಸರ್ಕಾರಿ ನಿಯಂತ್ರಕ ಡಿಜಿಸಿಎ ನಿಯಮದಂತೆ 2017ರಿಂದ ಕ್ಯಾಪ್ಟನ್‌ಗೆ ಒಂದು ವರ್ಷ, ಫಸ್ಟ್ ಆಫೀಸರ್‌ಗೆ ಆರು ತಿಂಗಳು ನೋಟಿಸ್. ಆದರೂ ಎ320 ರೇಟಿಂಗ್ (ಆ ವಿಮಾನ ಹಾರಿಸುವ ಅರ್ಹತೆ) ಇದ್ದವರಿಗೆ ಬೇರೆ ಬಾಗಿಲು ಇದೆ ಎಂಬ ಭಯ ಕಂಪನಿಗೆ ಇದ್ದೇ ಇರುತ್ತದೆ.

ಕಾಕಾ, ಮೊದಲು ಆ ಕಡೆಯವರ ಜೊತೆ ಕೂರಲಿ. ಪಗಾರದ ಮಾತು ಆಮೇಲೆ. ಎರಡೂ ಕಡೆ ಫಸ್ಟ್ ಆಫೀಸರ್ ಎಷ್ಟು ವರ್ಷಕ್ಕೆ ಕ್ಯಾಪ್ಟನ್ ಆಗುತ್ತಿದ್ದರು, ಎಷ್ಟು ವಿಮಾನ ಆರ್ಡರ್‌ನಲ್ಲಿವೆ ಎಂಬ ಲೆಕ್ಕ ತೆಗೆದು, ಪಟ್ಟಿ ಯಾವ ಸೂತ್ರದ ಮೇಲೆ ಆಗಬೇಕು ಎಂದು ತಮ್ಮತಮ್ಮಲ್ಲೇ ಬರೆದುಕೊಳ್ಳಲಿ. ಆ ಕಾಗದ ಹಿಡಿದು ಎರಡೂ ಸಂಘ ಒಟ್ಟಿಗೆ ಎಚ್‌ಆರ್ ಕೋಣೆಗೆ ಹೋಗಬೇಕು, ವಿಲೀನದ ತಾರೀಖಿಗೆ ಮುಂಚೆ.