ಹೆಲಿಕೊಪ್ರಿಯಾನ್‌ನ ಹಲ್ಲಿನ ಸುರುಳಿ ಎಲ್ಲಿತ್ತು? ಅದು ಶಾರ್ಕ್‌ಗಳ ಪೂರ್ವಜವೇ?

ಪ್ರಶ್ನೆ – ಶಿಲಾಸಕ್ತ

ಡೈನೋಸಾರ್‌ಗಳಿಗಿಂತಲೂ ಹಿಂದಿನ ಪರ್ಮಿಯನ್ ಯುಗದ ಹೆಲಿಕೊಪ್ರಿಯಾನ್ ಎಂಬ ಮೀನಿನ ಹಲ್ಲುಗಳು ಒಂದೇ ಸಾಲಿನಲ್ಲಿ ಸುರುಳಿ ಸುತ್ತಿಕೊಂಡು, ಮರ ಕೊಯ್ಯುವ ದುಂಡು ಗರಗಸದಂತೆ ಕಾಣುತ್ತವೆ. ಹಳೆಯ ಚಿತ್ರಗಳಲ್ಲಿ ಈ ಸುರುಳಿಯನ್ನು ಒಬ್ಬರು ಮೂತಿಯ ಮೇಲೆ ಬರೆದಿದ್ದರೆ, ಇನ್ನೊಬ್ಬರು ಬೆನ್ನಿನ ಈಜುರೆಕ್ಕೆಯಲ್ಲಿ, ಮತ್ತೊಬ್ಬರು ಕೆಳದವಡೆಯ ತುದಿಯಲ್ಲಿ ಬರೆದಿದ್ದಾರೆ. ಒಂದೇ ಪ್ರಾಣಿಯ ವಿಷಯದಲ್ಲಿ ಇಷ್ಟು ಗೊಂದಲ ಏಕೆ? ಈಗ ಇದು ಇತ್ಯರ್ಥವಾಗಿದೆಯೇ? ಇದನ್ನು ಇಂದಿನ ಶಾರ್ಕ್‌ಗಳ ಪೂರ್ವಜ ಎನ್ನಬಹುದೇ?

ಉತ್ತರ – ಭೂಗರ್ಭ

ಗೊಂದಲಕ್ಕೆ ಮೂಲ ಕಾರಣ ಮೃದ್ವಸ್ಥಿ. ಶಾರ್ಕ್‌ಗಳ ಮತ್ತು ಅವುಗಳ ಬಂಧುಗಳ ಅಸ್ಥಿಪಂಜರ ಮೂಳೆಯದಲ್ಲ, ನಮ್ಮ ಕಿವಿಯಲ್ಲಿರುವಂಥ ಮೆತ್ತನೆಯ ಮೃದ್ವಸ್ಥಿಯದು. ಸತ್ತ ಮೇಲೆ ಅದು ಬೇಗನೆ ಕೊಳೆತುಹೋಗುವುದರಿಂದ, ಗಟ್ಟಿ ಹೊದಿಕೆಯುಳ್ಳ ಹಲ್ಲುಗಳು ಮಾತ್ರ ಬಂಡೆಯಲ್ಲಿ ಉಳಿಯುತ್ತವೆ. ರಷ್ಯಾದ ಭೂವಿಜ್ಞಾನಿ ಕಾರ್ಪಿನ್ಸ್ಕಿ 1899ರಲ್ಲಿ ಉರಲ್ ಪ್ರದೇಶದ ಮಾದರಿಗಳನ್ನು ವಿವರಿಸಿ ಹೆಲಿಕೊಪ್ರಿಯಾನ್ ಎಂದು ಹೆಸರಿಟ್ಟಾಗ ಅವರ ಮುಂದೆ ಇದ್ದದ್ದು ಸುರುಳಿಗಳಷ್ಟೇ. ತಲೆಬುರುಡೆಯೂ ಇರಲಿಲ್ಲ, ದೇಹವೂ ಇರಲಿಲ್ಲ. ಅವರು ಅದನ್ನು ಮೇಲ್ದವಡೆಯ ಮುಂತುದಿಯಿಂದ ಮೇಲಕ್ಕೆ ಸುರುಳಿಗಟ್ಟಿದ ಅಂಗವೆಂದು ಭಾವಿಸಿದರು. ಸುರುಳಿಯನ್ನು ಬೆನ್ನಿಗೂ ಬಾಲಕ್ಕೂ ಅಂಟಿಸಿದ ಊಹೆಗಳು ಆ ಮೇಲೆ ಬಂದವು.

ಇದನ್ನು ಬಿಡಿಸಿದ್ದು ಅಮೆರಿಕದ ಐಡಾಹೊದಲ್ಲಿ, ಫಾಸ್ಫೇಟ್ ಗಣಿಗಳಿರುವ ಬಂಡೆಸ್ತರಗಳಲ್ಲಿ ಸಿಕ್ಕ ಒಂದು ಮಾದರಿ. ಅದರಲ್ಲಿ ಸುರುಳಿಯ ಜೊತೆಗೆ ದವಡೆಗಳ ಮೃದ್ವಸ್ಥಿಯೂ ಉಳಿದಿತ್ತು. ಪಳೆಯುಳಿಕೆ ತಜ್ಞ ಬೆಂಡಿಕ್ಸ್-ಆಲ್ಮ್‌ಗ್ರೀನ್ 1966ರಲ್ಲೇ ಅದನ್ನು ಪರಿಶೀಲಿಸಿ ಸುರುಳಿ ಕೆಳದವಡೆಯದೆಂದು ತೋರಿಸಿದ್ದರು. ಟಪನಿಲಾ ಮತ್ತು ಸಂಗಡಿಗರು ಅದೇ ಕಲ್ಲನ್ನು ಸಿಟಿ ಸ್ಕ್ಯಾನ್ ಮಾಡಿ 2013ರಲ್ಲಿ ಪ್ರಕಟಿಸಿದ ಅಧ್ಯಯನದಿಂದ ಒಳಗಿನ ರಚನೆ ಸ್ಪಷ್ಟವಾಯಿತು. ಸುರುಳಿ ಕೆಳದವಡೆಯ ನಡುವೆ, ಅದರ ಪೂರ್ಣ ಉದ್ದವನ್ನೂ ತುಂಬಿಕೊಂಡು ನಿಂತಿತ್ತು. ಎರಡು ಬದಿಗಳಲ್ಲೂ ಮೃದ್ವಸ್ಥಿ ಅದಕ್ಕೆ ಆಸರೆಯಾಗಿತ್ತು. ಮೇಲ್ದವಡೆಯಲ್ಲಿ ಹಲ್ಲುಗಳೇ ಕಾಣಲಿಲ್ಲ. ದವಡೆಯಿಂದ ಹೊರಗೆ ಇಳಿಬಿದ್ದ ಸುರುಳಿಯ ಚಿತ್ರಗಳು ಇನ್ನೂ ಓಡಾಡುತ್ತಿವೆ. ಅವನ್ನು ನಿಸ್ಸಂಕೋಚವಾಗಿ ಬದಿಗಿಡಬಹುದು.

ಇಂದಿನ ಶಾರ್ಕ್ ಜೀವಮಾನವಿಡೀ ಹಳೆಯ ಹಲ್ಲುಗಳನ್ನು ಉದುರಿಸಿ ಹೊಸದನ್ನು ಮುಂದಕ್ಕೆ ತರುತ್ತದೆ. ಹೆಲಿಕೊಪ್ರಿಯಾನ್ ಯಾವುದನ್ನೂ ಉದುರಿಸುತ್ತಿರಲಿಲ್ಲ. ಎಲ್ಲ ಹಲ್ಲುಗಳಿಗೂ ಒಂದೇ ಅಖಂಡ ಬುಡವಿದ್ದು, ಹಿಂದಿನಿಂದ ಹೊಸ, ದೊಡ್ಡ ಹಲ್ಲುಗಳು ಮೂಡಿದಂತೆಲ್ಲ ಮರಿಯಾಗಿದ್ದಾಗಿನ ಚಿಕ್ಕ ಹಲ್ಲುಗಳು ಸುರುಳಿಯ ಒಳಕ್ಕೆ ಸರಿದು ದವಡೆಯೊಳಗೇ ಹುದುಗಿಹೋಗುತ್ತಿದ್ದವು. ಹೀಗಾಗಿ ಒಂದೇ ಸುರುಳಿಯಲ್ಲಿ ನೂರಕ್ಕೂ ಹೆಚ್ಚು ಹಲ್ಲುಗಳು ಸಿಗುತ್ತವೆ, ಮತ್ತು ಆ ಮೀನಿನ ಇಡೀ ಬಾಲ್ಯ ಅದರ ಬಾಯಲ್ಲೇ ದಾಖಲಾಗಿರುತ್ತದೆ. ಹಲ್ಲುಗಳಲ್ಲಿ ಸವೆತ ಅಷ್ಟಾಗಿ ಕಾಣದಿರುವುದರಿಂದ, ಅದು ಗಟ್ಟಿ ಚಿಪ್ಪನ್ನು ಒಡೆಯುವುದಕ್ಕಿಂತ ಮೆತ್ತನೆಯ ಮೈಯ ಜೀವಿಗಳನ್ನು, ಉದಾಹರಣೆಗೆ ಸ್ಕ್ವಿಡ್‌ನ ಬಂಧುಗಳನ್ನು, ಹಿಡಿದು ತಿನ್ನುತ್ತಿತ್ತೆಂಬ ವಾದ ನನಗೂ ಸರಿಯೆನಿಸುತ್ತದೆ.

ಉತ್ತರ – ಕಡಲತಡಿ

ಕೊನೆಯ ಪ್ರಶ್ನೆಗೆ ಉತ್ತರ: ಪೂರ್ವಜವಲ್ಲ. ಆ 2013ರ ಅಧ್ಯಯನವೇ ದವಡೆಯ ರಚನೆಯನ್ನು ಆಧರಿಸಿ ಹೆಲಿಕೊಪ್ರಿಯಾನ್ ಅನ್ನು ಶಾರ್ಕ್‌ಗಳ ದೂರದ ಬಂಧುಗಳಾದ, ಆಳಸಮುದ್ರದ ಕೈಮೀರಾ ಮೀನುಗಳ ಕವಲಿಗೆ ಸೇರಿಸಿತು. ಶಾರ್ಕ್ ಮತ್ತು ತೊರಕೆಗಳ (ಚಪ್ಪಟೆ ಮೈಯ ರೇ ಮೀನುಗಳ) ಕವಲು ಪರ್ಮಿಯನ್‌ಗೂ ಬಹಳ ಮೊದಲೇ ಇದರಿಂದ ಬೇರೆಯಾಗಿತ್ತು. ಪತ್ರಿಕೆಗಳು ಇದನ್ನು ‘ಗರಗಸ ಶಾರ್ಕ್’ ಎಂದು ಕರೆಯುವುದು ಅಭ್ಯಾಸಬಲದಿಂದ.

ಶಿಲಾಸಕ್ತ

ಇಬ್ಬರಿಗೂ ಧನ್ಯವಾದಗಳು. ಹಾಗಾದರೆ ಹಲ್ಲೊಂದನ್ನೇ ನೋಡಿ ಬಂಧುತ್ವ ನಿರ್ಧರಿಸಿದ ಬೇರೆ ಪ್ರಾಣಿಗಳ ವಿಷಯದಲ್ಲೂ ಇದೇ ಅನುಮಾನ ಇಟ್ಟುಕೊಳ್ಳಬೇಕೇ?

ಉತ್ತರ – ಭೂಗರ್ಭ

ಎಲ್ಲದರಲ್ಲೂ ಅಲ್ಲ ಸರ್. ಇಂದಿಗೂ ಬದುಕಿರುವ ಬಂಧುಗಳ ಹಲ್ಲಿನೊಂದಿಗೆ ನೇರವಾಗಿ ಹೋಲಿಸಲು ಬರುವಾಗ ಹಲ್ಲು ಒಳ್ಳೆಯ ಸಾಕ್ಷಿ. ಹೋಲಿಕೆಯೇ ಸಿಗದಾಗ ಮಾತ್ರ ಎಚ್ಚರ ಬೇಕು. ಡೈನೋಸಾರ್‌ಗಳ ಕೊನೆಯ ಕಾಲವಾದ ಕ್ರಿಟೇಷಿಯಸ್ ಯುಗದ ಟೈಕೋಡಸ್ ಎಂಬ ಮೀನು ಇದಕ್ಕೆ ತಕ್ಕ ಉದಾಹರಣೆ. ಅದರ ಹಲ್ಲುಗಳು ಚಪ್ಪಟೆಯಾಗಿ, ಗೆರೆಗೆರೆಯಾಗಿ, ಚಿಪ್ಪು ಅರೆಯಲೆಂದೇ ಮಾಡಿದಂತಿವೆ. ತಮಿಳುನಾಡಿನ ಅರಿಯಲೂರು ಸೀಮೆಯ ಬಂಡೆಗಳಲ್ಲೂ ಅವು ದೊರೆತಿವೆ. ಹಲ್ಲುಗಳನ್ನಷ್ಟೇ ನೋಡಿದವರು ಅದನ್ನು ಕೆಲವೊಮ್ಮೆ ತೊರಕೆಗಳ ಗುಂಪಿಗೂ ಕೆಲವೊಮ್ಮೆ ಈಗ ಅಳಿದುಹೋಗಿರುವ, ಶಾರ್ಕ್‌ನಂಥ ಹೈಬೋಡಸ್‌ನ ಗುಂಪಿಗೂ ಸೇರಿಸಿ, ಸಮುದ್ರತಳದಲ್ಲಿ ನಿಧಾನವಾಗಿ ತಿರುಗುವ ಪ್ರಾಣಿಯೆಂದು ಚಿತ್ರಿಸಿದ್ದರು. ಮೆಕ್ಸಿಕೊದ ವಾಲೆಸಿಯೊ ಕಲ್ಲುಗಣಿಯಲ್ಲಿ ಮೈಯ ಆಕಾರವೂ ಉಳಿದಿರುವ ಮಾದರಿಗಳು ದೊರೆತು, ಅವುಗಳ ವಿವರಣೆ 2024ರಲ್ಲಿ ಪ್ರಕಟವಾದಾಗ, ಅದು ದೊಡ್ಡ ಬಿಳಿ ಶಾರ್ಕ್ ಸೇರಿರುವ ಗಣದ್ದೇ ಆದ, ವೇಗವಾಗಿ ಈಜಬಲ್ಲ ಶಾರ್ಕ್ ಎಂದು ತಿಳಿಯಿತು. ಅರಿಯಲೂರಿನ ಆ ಹಲ್ಲುಗಳನ್ನೂ ಇನ್ನು ಅದೇ ಗಣದಲ್ಲಿಟ್ಟು ನೋಡಬೇಕು.